ಹೆದ್ದಾರಿ ಫಲಕ, ಕ್ರಾಸು, ಮೇಲ್ಸೇತುವೆ: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಲಾರಿ ಓಡಿಸುವವರು, ವಾರಕ್ಕೊಮ್ಮೆ ಊರಿಗೆ ಹೋಗಿಬರುವವರು, ಹತ್ತು ವರ್ಷದ ಮೇಲೆ ಪರದೇಶದಿಂದ ಬಂದು ದಾರಿ ಗುರುತು ಸಿಗದೆ ಕಕ್ಕಾಬಿಕ್ಕಿಯಾದ ನೆಂಟರು, ಇವರೆಲ್ಲ ಮಾತಿನಲ್ಲಿ, ಪತ್ರದಲ್ಲಿ, ಪ್ರತಿಕ್ರಿಯೆಯಲ್ಲಿ ಕೇಳಿದ್ದನ್ನು ಗುರುತು ಹಾಕಿಕೊಳ್ಳುತ್ತ ಬಂದಿದ್ದೇನೆ. ಹೆಚ್ಚು ಸಲ ಬಂದವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು.

## ಮೊದಮೊದಲ ಪ್ರಶ್ನೆಗಳು

ಕೈಮರ ಅಂತ ಊರಿದೆಯಲ್ಲ, ಅದು ಯಾವ ಜಾತಿ ಮರ?

ಜಾತಿಯ ಮರ ಅಲ್ಲ. ದಾರಿ ಕವಲೊಡೆಯುವ ಕಡೆ ಒಂದು ಕಂಬ ನೆಟ್ಟು, ಚಾಚಿದ ಕೈಯ ಹಾಗೆ ಅದಕ್ಕೆ ಹಲಗೆ ಬಡಿದು, ಯಾವ ಕಡೆಗೆ ಯಾವ ಊರು ಎಂದು ಬರೆದರೆ ಅದು ಕೈಮರ. ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಹೋಗುವಾಗ ಸಿಗುವ ಕೈಮರ, ಮಂಗಳೂರು ಸೀಮೆಯ ಗುರುಪುರ ಕೈಕಂಬ, ಎಚ್.ಡಿ. ಕೋಟೆ ತಾಲ್ಲೂಕಿನ ಹ್ಯಾಂಡ್‌ಪೋಸ್ಟ್, ಮೂರೂ ಅದೇ ಕಂಬದ ಹೆಸರುಗಳು. ಕಂಬದ ಬುಡದಲ್ಲಿ ಬಸ್ಸು ನಿಂತಿತು, ಟೀ ಅಂಗಡಿ ಬಂತು, ಆಮೇಲೆ ಊರೇ ಆಯಿತು. ಬಂಟ್ವಾಳದ ಬಿ.ಸಿ. ರೋಡ್ ಕೂಡ ಹೀಗೇ: ಬಂಟ್ವಾಳ ಕ್ರಾಸ್ ರೋಡ್ ಎಂಬುದನ್ನು ಚಿಕ್ಕದಾಗಿ ಕರೆದು ಕರೆದು ಅದೇ ಊರಿನ ಹೆಸರಾಗಿ ನಿಂತಿದೆ. ನಮ್ಮ ನಾಡಿನಲ್ಲಿ ದಾರಿ ತೋರಿಸುವ ಕೆಲಸಕ್ಕೆ ಎಷ್ಟು ಬೆಲೆಯಿತ್ತು ಎಂದು ತಿಳಿಯಲು ಈ ಹೆಸರುಗಳೇ ಸಾಕು.

ಕಿಲೋಮೀಟರ್ ಕಲ್ಲಿಗೆ ಕೆಲವು ಕಡೆ ಹಳದಿ ತಲೆ, ಕೆಲವು ಕಡೆ ಹಸಿರು ತಲೆ ಯಾಕೆ?

ಹಳದಿ ರಾಷ್ಟ್ರೀಯ ಹೆದ್ದಾರಿಗೆ, ಹಸಿರು ರಾಜ್ಯ ಹೆದ್ದಾರಿಗೆ. ಜಿಲ್ಲಾ ರಸ್ತೆಗಳಿಗೆ ಕಪ್ಪು ಅಥವಾ ನೀಲಿ, ಹಳ್ಳಿ ರಸ್ತೆಗಳಿಗೆ ಕಿತ್ತಳೆ. ರಸ್ತೆಯ ದರ್ಜೆ ಬದಲಾದರೆ ಕಲ್ಲಿನ ಬಣ್ಣವೂ ಬದಲಾಗಬೇಕು. ಬೆಂಗಳೂರು–ಮೈಸೂರು ರಸ್ತೆ ಬಹಳ ಕಾಲ ರಾಜ್ಯ ಹೆದ್ದಾರಿ 17 ಆಗಿತ್ತು, ಆಮೇಲೆ ರಾಷ್ಟ್ರೀಯ ಹೆದ್ದಾರಿ 275 ಆಯಿತು. ಹಳೆಯ ಬಣ್ಣದ ಕಲ್ಲು ಎಲ್ಲೋ ಪೊದೆಯ ಮರೆಯಲ್ಲಿ ಉಳಿದಿದ್ದರೆ ಆ ರಸ್ತೆ ಮೊದಲು ಏನಾಗಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಈಗ ಎಲ್ಲ ಕಿಲೋಮೀಟರ್ ಲೆಕ್ಕ. ಮತ್ತೆ ಮೈಲಿಗಲ್ಲು ಅಂತ ಯಾಕೆ ಕರೀತೀವಿ?

1956ರ ಅಳತೆ-ತೂಕದ ಕಾಯ್ದೆ ಬಂದ ಮೇಲೆ ಹಂತ ಹಂತವಾಗಿ ಮೈಲಿ ಹೋಗಿ ಕಿಲೋಮೀಟರ್ ಬಂತು. ಕಲ್ಲು ಬದಲಾಯಿತು, ಬಾಯಲ್ಲಿದ್ದ ಹೆಸರು ಬದಲಾಗಲಿಲ್ಲ. ಹಳೆ ಮೈಸೂರಿನ ರಸ್ತೆಗಳ ಪಕ್ಕ ಕನ್ನಡ ಅಂಕಿಯಲ್ಲಿ ಮೈಲಿ ಕೆತ್ತಿದ ಕಲ್ಲು ಎಲ್ಲಾದರೂ ಕಂಡರೆ ಒಂದು ಕ್ಷಣ ನಿಂತು ನೋಡಿ. ರಸ್ತೆ ಅಗಲವಾದಾಗ ಮೊದಲು ಮಣ್ಣುಪಾಲಾಗುವುದು ಇಂಥವೇ.

ಬೋರ್ಡಿನ ಬಣ್ಣಕ್ಕೆ ಅರ್ಥ ಇದೆಯಾ, ಇಲ್ಲ ಸಿಕ್ಕಿದ ಬಣ್ಣ ಹಚ್ಚುತ್ತಾರಾ?

ಅರ್ಥ ಇದೆ. ಹೆದ್ದಾರಿಯಲ್ಲಿ ದಿಕ್ಕು, ದೂರ ಹೇಳುವ ಬೋರ್ಡಿಗೆ ಹಸಿರು ನೆಲ, ಬಿಳಿ ಅಕ್ಷರ. ಪೆಟ್ರೋಲ್ ಬಂಕ್, ಆಸ್ಪತ್ರೆ, ಊಟದ ಗುರುತಿಗೆ ನೀಲಿ. ನೋಡುವಂಥ ಸ್ಥಳಗಳಿಗೆ ಕಂದು. ಕೆಂಪು ಅಂಚಿನ ತ್ರಿಕೋನ ಎಚ್ಚರಿಕೆ, ಕೆಂಪು ಅಂಚಿನ ವೃತ್ತ ‘ಬೇಡ’, ನೀಲಿ ವೃತ್ತ ‘ಹೀಗೇ ಮಾಡು’. ಇದರ ನಿಯಮಗಳನ್ನು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಐಆರ್‌ಸಿ 67 ಎಂಬ ಸಂಹಿತೆಯಲ್ಲಿ ಕೊಟ್ಟಿದೆ. ಅದನ್ನು ಹಲವು ಸಲ ತಿದ್ದಿದ್ದಾರೆ. ಹಾಗಾಗಿ ಒಂದೇ ರಸ್ತೆಯಲ್ಲಿ ಬೇರೆ ಬೇರೆ ಕಾಲದ ಬೋರ್ಡುಗಳು ಬೇರೆ ಬೇರೆ ರೂಪದಲ್ಲಿ ಕಾಣುತ್ತವೆ.

## ಸಂಖ್ಯೆ ಮತ್ತು ಹೆಸರು

ಸಾರ್, ಪುಣೆ ರಸ್ತೆ ಅಂದ್ರೆ ಎನ್‌ಎಚ್ 4 ಅಲ್ವಾ? ಈಗ ಬೋರ್ಡಲ್ಲಿ 48 ಅಂತಿದೆ, ರಸ್ತೆ ಬದಲಾಯ್ತಾ?

ರಸ್ತೆ ಅದೇ, ಸಂಖ್ಯೆ ಬದಲಾಯಿತು. 2010ರಲ್ಲಿ ಕೇಂದ್ರ ಸರ್ಕಾರ ದೇಶದ ಎಲ್ಲ ರಾಷ್ಟ್ರೀಯ ಹೆದ್ದಾರಿಗಳಿಗೂ ಹೊಸ ಸಂಖ್ಯೆ ಕೊಟ್ಟಿತು. ಹಳೆಯ ಸಂಖ್ಯೆ ನೋಡಿದರೆ ರಸ್ತೆ ದೇಶದ ಯಾವ ಮೂಲೆಯದು ಎಂದು ತಿಳಿಯುತ್ತಿರಲಿಲ್ಲ. ಹೊಸದರಲ್ಲಿ ಒಂದು ಕ್ರಮವಿದೆ. ಉತ್ತರ-ದಕ್ಷಿಣ ಓಡುವ ಮುಖ್ಯ ಹೆದ್ದಾರಿಗೆ ಸಮಸಂಖ್ಯೆ, ಅದು ಪೂರ್ವದಿಂದ ಪಶ್ಚಿಮಕ್ಕೆ ಹೋದಂತೆ ಏರುತ್ತದೆ. ಪೂರ್ವ-ಪಶ್ಚಿಮ ಓಡುವುದಕ್ಕೆ ಬೆಸಸಂಖ್ಯೆ, ಅದು ಉತ್ತರದಿಂದ ದಕ್ಷಿಣಕ್ಕೆ ಇಳಿದಂತೆ ಏರುತ್ತದೆ.

ನಮ್ಮ ರಾಜ್ಯದ ಮೇಲಿಟ್ಟು ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ. ಚಿಕ್ಕಬಳ್ಳಾಪುರದ ಕಡೆಯಿಂದ ಬರುವ, ಕಾಶ್ಮೀರದಿಂದ ಕನ್ಯಾಕುಮಾರಿಗೆ ಹೋಗುವ ಹೆದ್ದಾರಿ 44. ಅದರ ಪಶ್ಚಿಮಕ್ಕೆ ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ತುಮಕೂರಿನ ಹೆದ್ದಾರಿ 48. ಸಮುದ್ರದ ಅಂಚಿನಲ್ಲಿ ಕಾರವಾರ, ಉಡುಪಿ, ಮಂಗಳೂರಿನದು 66. ಅಡ್ಡಕ್ಕೆ ನೋಡಿದರೆ ಹುಬ್ಬಳ್ಳಿ, ಗದಗ, ಹೊಸಪೇಟೆ, ಬಳ್ಳಾರಿಯದು 67, ಹೊನ್ನಾವರ, ಸಾಗರ, ಶಿವಮೊಗ್ಗದ್ದು 69, ಹಾಸನ, ಸಕಲೇಶಪುರದ್ದು 75. ಮನಸ್ಸಿಗೆ ಹತ್ತಿದರೆ ನಕ್ಷೆ ಬೇಡ. ಆದರೆ 44ಕ್ಕೆ ಹಳೆಯ ಹೆಸರು 7, 66ಕ್ಕೆ 17 ಎಂದು ಬಾಯಿಪಾಠವಾದವರಿಗೆ ಇದು ಹತ್ತುವುದು ತಡ. ಅದು ಅವರ ತಪ್ಪೂ ಅಲ್ಲ.

ನೆಲಮಂಗಲದಲ್ಲಿ 48 ಹಿಡಿದರೆ ಮಂಗಳೂರು ಅಂತ ನಮ್ಮ ಮಾವ ಹೇಳಿದ್ರು. ತುಮಕೂರಿಗೆ ಹೋಗಿಬಿಟ್ಟೆ. ಯಾರದು ತಪ್ಪು?

ನಿಮ್ಮ ಮಾವನವರು ಹೇಳಿದ್ದು ಅವರ ಕಾಲಕ್ಕೆ ಸರಿ. ಹಳೆಯ ಲೆಕ್ಕದಲ್ಲಿ ನೆಲಮಂಗಲದಲ್ಲಿ ಕೂಡುತ್ತಿದ್ದವು 4 ಮತ್ತು 48: ತುಮಕೂರಿನ ಕಡೆಗೆ 4, ಹಾಸನ-ಮಂಗಳೂರಿನ ಕಡೆಗೆ 48. ಹೊಸ ಲೆಕ್ಕದಲ್ಲಿ ಅದೇ ಜಾಗದಲ್ಲಿ ಕೂಡುವವು 48 ಮತ್ತು 75: ತುಮಕೂರಿನ ಕಡೆಗೆ 48, ಹಾಸನದ ಕಡೆಗೆ 75. ಒಂದೇ ಸಂಖ್ಯೆ ಒಂದೇ ಜಂಕ್ಷನ್ನಿನಲ್ಲಿ ಒಂದು ಕವಲಿನಿಂದ ಇನ್ನೊಂದು ಕವಲಿಗೆ ಹಾರಿದೆ. ಇಡೀ ಕರ್ನಾಟಕದಲ್ಲಿ ಸಂಖ್ಯೆ ಬದಲಾವಣೆಯಿಂದ ಇಷ್ಟು ಎಡವಟ್ಟಾಗಬಲ್ಲ ಇನ್ನೊಂದು ಜಾಗ ನನಗೆ ಕಂಡಿಲ್ಲ. ಸಂಖ್ಯೆ ಬದಲಾದ ಮೊದಲ ಕೆಲವು ವರ್ಷ ಇಂಥ ಕಡೆ ಹೊಸ ಸಂಖ್ಯೆಯ ಪಕ್ಕದಲ್ಲೇ ಹಳೆಯದನ್ನೂ ಸಣ್ಣದಾಗಿ ಬರೆಯುವುದು ಎಲ್ಲ ಕಡೆ ಕಡ್ಡಾಯ ಆಗಬೇಕಿತ್ತು.

ದಾರಿ ಹೇಳುವವರಿಗೆ ನನ್ನ ಸಲಹೆ: ಸಂಖ್ಯೆಯ ಜೊತೆಗೆ ಮುಂದಿನ ಊರನ್ನೂ ಹೇಳಿ. ‘ನೆಲಮಂಗಲದಲ್ಲಿ ಕುಣಿಗಲ್ ಕಡೆ ತಿರುಗು’ ಅಂದರೆ ಸರ್ಕಾರ ಎಷ್ಟು ಸಲ ಸಂಖ್ಯೆ ಬದಲಿಸಿದರೂ ಆ ಮಾತು ಕೆಡುವುದಿಲ್ಲ.

275, 948, 766 ಅಂತ ಮೂರಂಕಿ ಇದೆಯಲ್ಲ, ದೇಶದಲ್ಲಿ ಅಷ್ಟೊಂದು ಹೆದ್ದಾರಿಗಳಿವೆಯಾ?

ಮೂರಂಕಿ ಅಂದರೆ ಕವಲು. ಕೊನೆಯ ಎರಡು ಅಂಕಿ ತಾಯಿ ಹೆದ್ದಾರಿಯದು. 275 ಎಂದರೆ 75ರ ಕವಲು: ಬಂಟ್ವಾಳದಲ್ಲಿ ಅದನ್ನು ಬಿಟ್ಟು ಮಡಿಕೇರಿ, ಮೈಸೂರು ಸುತ್ತಿ ಬೆಂಗಳೂರಿಗೆ ಬರುತ್ತದೆ. ಬೆಂಗಳೂರಿನಿಂದ ಕನಕಪುರ, ಕೊಳ್ಳೇಗಾಲ, ಚಾಮರಾಜನಗರದ ಮೇಲೆ ಕೊಯಮತ್ತೂರಿಗೆ ಹೋಗುವ 948 ನಮ್ಮ 48ರ ಕವಲು. ಕಲ್ಲಿಕೋಟೆಯಲ್ಲಿ ಕರಾವಳಿಯ 66ರಿಂದ ಹೊರಟು ಗುಂಡ್ಲುಪೇಟೆ, ಮೈಸೂರಿಗೆ ಬರುವುದು 766; ಬಂಡೀಪುರದಲ್ಲಿ ರಾತ್ರಿ ಸಂಚಾರ ನಿಲ್ಲಿಸುವ ರಸ್ತೆಗಳಲ್ಲಿ ಅದೂ ಒಂದು.

ನಮ್ಮೂರಲ್ಲಿ ಪಿ.ಬಿ. ರೋಡ್ ಅಂತಾರೆ. ಬೋರ್ಡಲ್ಲಿ ಎಲ್ಲೂ ಇಲ್ಲ. ಏನದು?

ಪೂನಾ–ಬೆಂಗಳೂರು ರೋಡ್. ದಾವಣಗೆರೆ, ಹಾವೇರಿ, ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಎಲ್ಲೆಲ್ಲಿ ಹಳೆಯ ಹೆದ್ದಾರಿ ಊರ ನಡುವೆ ಹಾದುಹೋಗಿತ್ತೋ ಅಲ್ಲೆಲ್ಲ ಈ ಹೆಸರಿದೆ. ಹೆದ್ದಾರಿ ಬೈಪಾಸಿಗೆ ಹೋಯಿತು, ಹೆಸರು ಊರೊಳಗೇ ಉಳಿಯಿತು. ತುಮಕೂರು, ತಿಪಟೂರು, ಭದ್ರಾವತಿ, ಶಿವಮೊಗ್ಗದವರ ಬಿ.ಎಚ್. ರೋಡ್ ಅಂದರೆ ಬೆಂಗಳೂರು–ಹೊನ್ನಾವರ ರೋಡ್. ಬಿ.ಎಂ. ರೋಡ್ ಮಾತ್ರ ಎರಡುಂಟು: ಚನ್ನಪಟ್ಟಣದವರಿಗೆ ಅದು ಬೆಂಗಳೂರು–ಮೈಸೂರು, ಹಾಸನದವರಿಗೆ ಬೆಂಗಳೂರು–ಮಂಗಳೂರು.

ಎರಡೇ ಅಕ್ಷರದಲ್ಲಿ ಎರಡು ತುದಿಯ ಊರನ್ನೂ ಹೇಳಿಬಿಡುವ ಈ ಹೆಸರುಗಳ ಮೇಲೆ ನನಗೆ ತುಂಬ ಪ್ರೀತಿ. ದಾವಣಗೆರೆಯಲ್ಲಿ ನಿಂತವನಿಗೆ ತಾನು ಯಾವ ದಾರಿಯ ಮೇಲಿದ್ದೇನೆ ಎಂದು 4 ಆಗಲಿ 48 ಆಗಲಿ ಹೇಳುವುದಿಲ್ಲ, ಪಿ.ಬಿ. ರೋಡ್ ಹೇಳುತ್ತದೆ. ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯೂ ಇದೇ ಸಾಲಿನದು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ಹೊಸ ನಿಲ್ದಾಣ ಶುರುವಾಗಿ ವಿಮಾನದ ಗುರುತಿನ ಬೋರ್ಡುಗಳೆಲ್ಲ ಉತ್ತರಕ್ಕೆ ತಿರುಗಿದವು, ರಸ್ತೆಯ ಹೆಸರು ಇದ್ದಲ್ಲೇ ಉಳಿಯಿತು.

2014ರಲ್ಲಿ ಊರುಗಳ ಹೆಸರು ಬದಲಾಯಿಸಿದರಲ್ಲ, ಬೋರ್ಡು ಎಲ್ಲ ಹೊಸದಾಗಿ ಮಾಡಿದರಾ?

2014ರ ನವೆಂಬರ್ 1ರಿಂದ 12 ಊರುಗಳ ಹೆಸರು ಬದಲಾಯಿತು. ಅದರಲ್ಲಿ ಹೆಚ್ಚಿನವಕ್ಕೆ ಬದಲಾದದ್ದು ಇಂಗ್ಲಿಷ್ ಬರಹ ಮಾತ್ರ. ಕನ್ನಡದಲ್ಲಿ ಬೆಂಗಳೂರು, ಮೈಸೂರು, ಬೆಳಗಾವಿ ಮೊದಲಿಂದಲೂ ಹಾಗೇ ಇದ್ದವು. ಕನ್ನಡದಲ್ಲೂ ಬೋರ್ಡು ತಿದ್ದಬೇಕಾಗಿ ಬಂದದ್ದು ಬಿಜಾಪುರ ವಿಜಯಪುರವಾದಾಗ, ಗುಲ್ಬರ್ಗ ಕಲಬುರಗಿಯಾದಾಗ.

ಹಲವು ಕಡೆ ಪೂರ್ತಿ ಬೋರ್ಡು ಬದಲಿಸದೆ ಹೆಸರಿನ ಮೇಲೆ ಹಸಿರು ಪಟ್ಟಿ ಅಂಟಿಸಿದರು. ಶಿವಮೊಗ್ಗದ ಹಳೆಯ ಇಂಗ್ಲಿಷ್ ಬರಹದಲ್ಲಿ ಏಳು ಅಕ್ಷರ, ಹೊಸದರಲ್ಲಿ ಹತ್ತು. ಅದೇ ಜಾಗದಲ್ಲಿ ಹಿಡಿಸಬೇಕೆಂದರೆ ಅಕ್ಷರವನ್ನು ಒತ್ತಿ ಕಿರಿದು ಮಾಡಲೇಬೇಕು. ಅಂಥ ಬೋರ್ಡನ್ನು ರಾತ್ರಿ ಹೆಡ್‌ಲೈಟಿನಲ್ಲಿ ನೋಡಿ: ಸುತ್ತಲಿನ ಹಳೆಯ ಹಾಳೆ ಮಂಕಾಗಿರುತ್ತದೆ, ಅಂಟಿಸಿದ ಪಟ್ಟಿ ಮಾತ್ರ ಕಣ್ಣಿಗೆ ಹೊಡೆಯುತ್ತದೆ. ನಾಲ್ಕು ಮಳೆಗಾಲ ಕಳೆದ ಮೇಲೆ ಪಟ್ಟಿಯ ಮೂಲೆ ಸುರುಳಿ ಬಿಚ್ಚಿ, ಅಡಿಯಿಂದ ಹಳೆಯ ಹೆಸರಿನ ಬಾಲ ಹಣಕುತ್ತದೆ.

ಇನ್ನೊಂದು ತೊಡಕೂ ಇದೆ. ದೇವನಹಳ್ಳಿ ತಾಲ್ಲೂಕಿನಲ್ಲಿ ಮೊದಲಿಂದಲೂ ಒಂದು ವಿಜಯಪುರ ಇದೆ. ಆ ಸುತ್ತ ಬೋರ್ಡಿನಲ್ಲಿ ವಿಜಯಪುರ ಎಂದಿದ್ದರೆ ದೂರವನ್ನೂ ನೋಡಿಕೊಳ್ಳಿ. ಎರಡಂಕಿಯಾದರೆ ಇಲ್ಲಿನದು, ಮೂರಂಕಿಯಾದರೆ ಗೋಲಗುಂಬಜದ್ದು.

ಬೋರ್ಡಲ್ಲಿ ಒಂದು ದೂರ, ಫೋನಲ್ಲಿ ಇನ್ನೊಂದು ದೂರ. ಯಾವುದನ್ನ ನಂಬೋದು?

ಎರಡೂ ನಿಜವಿರಬಹುದು. ಫೋನು ನೀವು ಹೇಳಿದ ಬಾಗಿಲಿನವರೆಗೆ ಅಳೆಯುತ್ತದೆ. ಬೋರ್ಡಿನ ದೂರ ಊರಿನ ಒಂದು ನಿಶ್ಚಿತ ಜಾಗದವರೆಗೆ, ಅದೂ ಹಾಕಿದ ದಿನದ ರಸ್ತೆಯ ಪ್ರಕಾರ. ನಡುವೆ ಎರಡು ಬೈಪಾಸ್ ಬಂದು ತಿರುವು ನೇರವಾಗಿದ್ದರೆ ದೂರ ಬದಲಾಗಿರುತ್ತದೆ. ರಸ್ತೆ ಶುರುವಾದಲ್ಲಿಂದ ಅಳೆಯುವ ದೂರಕ್ಕೆ ಎಂಜಿನಿಯರುಗಳು ಚೈನೇಜ್ ಅನ್ನುತ್ತಾರೆ; ಆ ಲೆಕ್ಕ ಹೊಸ ರಸ್ತೆಗೆ ಬೇರೆ, ಹಳೆಯದಕ್ಕೆ ಬೇರೆ. ಎರಡು ಲೆಕ್ಕದ ಕಲ್ಲುಗಳು ಒಂದೇ ರಸ್ತೆಯ ಪಕ್ಕ ಸ್ವಲ್ಪ ಕಾಲ ಒಟ್ಟಿಗೇ ಇರುವುದೂ ಉಂಟು.

## ಕ್ರಾಸಿನಿಂದ ಮೇಲ್ಸೇತುವೆಗೆ

ಮೊದಲು ನಮ್ಮೂರ ಕ್ರಾಸಲ್ಲಿ ನೇರ ದಾಟ್ತಿದ್ವಿ. ಈಗ ಎರಡು ಕಿಲೋಮೀಟರ್ ಸುತ್ತಬೇಕು. ಇದು ಅಭಿವೃದ್ಧಿನಾ?

ನಿಮ್ಮ ಸಿಟ್ಟು ನ್ಯಾಯವಾದದ್ದು, ಆದರೂ ನೇರ ದಾಟುವುದಕ್ಕೆ ಬಿಡಲಾಗದು. ಎರಡು ಪಥದ ರಸ್ತೆಯಲ್ಲಿ ಲಾರಿ 50ರಲ್ಲಿ ಬರುತ್ತಿತ್ತು, ಎತ್ತಿನ ಗಾಡಿ ದಾಟುವಷ್ಟು ಹೊತ್ತಿತ್ತು. ನಾಲ್ಕು-ಆರು ಪಥದಲ್ಲಿ 100ರಲ್ಲಿ ಬರುವ ಕಾರು ಒಂದು ಸೆಕೆಂಡಿಗೆ ಹತ್ತಿರ ಹತ್ತಿರ 28 ಮೀಟರ್ ಸಾಗುತ್ತದೆ. ದಾಟುವವನ ಅಂದಾಜು ಎರಡು ಸೆಕೆಂಡ್ ತಪ್ಪಿದರೂ ಜೀವ ಹೋಗುತ್ತದೆ. ಅದಕ್ಕೇ ಡಿವೈಡರಿನ ಗ್ಯಾಪುಗಳನ್ನು ಮುಚ್ಚಿ, ಅಂಡರ್‌ಪಾಸ್ ಮಾಡಿ, ಎರಡೂ ಪಕ್ಕ ಸರ್ವೀಸ್ ರಸ್ತೆ ಕೊಡುತ್ತಾರೆ.

ಆದರೆ ಅಂಡರ್‌ಪಾಸ್ ಎಲ್ಲಿ ಬರಬೇಕು ಎಂಬುದನ್ನು ಹೊಲ, ಶಾಲೆ, ಹಾಲಿನ ಡೇರಿ ಯಾವ ಪಕ್ಕಕ್ಕಿವೆ ಎಂದು ನೋಡಿ ತೀರ್ಮಾನಿಸಬೇಕು. ದಿನಕ್ಕೆ ಎರಡು ಹೊತ್ತು ಹಾಲಿನ ಕ್ಯಾನ್ ಹೊತ್ತು ದಾಟುವವನಿಗೆ ಎರಡು ಕಿಲೋಮೀಟರ್ ಸುತ್ತು ಅಂದರೆ ಅವನು ಸರ್ವೀಸ್ ರಸ್ತೆಯಲ್ಲಿ ಎದುರುಬದಿಯೇ ಬರುತ್ತಾನೆ. ಅವನಿಗೆ ಬೈಯುವ ಮೊದಲು ಅಲ್ಲೊಂದು ದಾರಿ ಇತ್ತೇ ಎಂದು ಕೇಳಬೇಕು. ಮಳೆ ಬಂದಾಗ ನೀರು ನಿಲ್ಲುವ ಅಂಡರ್‌ಪಾಸ್ ಇದ್ದೂ ಇಲ್ಲದ ಹಾಗೆ.

ಮೈಸೂರು ದಶಪಥದಲ್ಲಿ ಮದ್ದೂರು ಯಾವಾಗ ಹೋಯ್ತೋ ಗೊತ್ತೇ ಆಗಲಿಲ್ಲ. ಇಳಿಯೋದು ಎಲ್ಲಿ?

ಮೊದಲು ಬಿಡದಿ ತಟ್ಟೆ ಇಡ್ಲಿ, ಚನ್ನಪಟ್ಟಣದ ಬೊಂಬೆ, ಮದ್ದೂರು ವಡೆ, ಒಂದಾದ ಮೇಲೆ ಒಂದು ಕಿಟಕಿಯ ಪಕ್ಕಕ್ಕೇ ಬರುತ್ತಿದ್ದವು, ಬೋರ್ಡೇ ಬೇಕಿರಲಿಲ್ಲ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಸುಮಾರು 118 ಕಿಲೋಮೀಟರ್ ಹೆದ್ದಾರಿ ಈ ಊರುಗಳನ್ನೆಲ್ಲ ಬೈಪಾಸಿನಲ್ಲಿ ದಾಟುತ್ತದೆ. ನಡುವೆ ಆರು ಪಥ, ಎರಡೂ ಪಕ್ಕ ಎರಡೆರಡು ಪಥದ ಸರ್ವೀಸ್ ರಸ್ತೆ, ಬೇಲಿ. ಊರು ಕಂಡ ಮೇಲೆ ಇಳಿಯುತ್ತೇನೆ ಎಂದರೆ ಆಗಲೇ ಬೈಪಾಸ್ ಹತ್ತಿಯಾಗಿರುತ್ತದೆ. ಬೈಪಾಸ್ ಶುರುವಾಗುವ ಮೊದಲೇ ಎಡಕ್ಕೆ ಇಳಿಯಬೇಕು, ಅಂದರೆ ಊರಿನ ಸುಳಿವಿಲ್ಲದ ಕಡೆ ತೀರ್ಮಾನ ಮಾಡಬೇಕು. ಆ ಹೊತ್ತಿಗೆ ನಿಮಗಿರುವ ಆಸರೆ ಬೋರ್ಡು ಒಂದೇ. ತಪ್ಪಿದರೆ ಹಿಂದಕ್ಕೆ ತೆಗೆಯಬೇಡಿ, ಬ್ರೇಕ್ ಹಾಕಿ ನಿಲ್ಲಬೇಡಿ. ಮುಂದಿನ ನಿರ್ಗಮನದಲ್ಲಿ ಇಳಿದು ಸರ್ವೀಸ್ ರಸ್ತೆಯಲ್ಲಿ ಬನ್ನಿ.

2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. ಅವರಿಗೆ ಸರ್ವೀಸ್ ರಸ್ತೆ ಮತ್ತು ಊರೊಳಗಿನ ಹಳೇ ರಸ್ತೆಯೇ ದಾರಿ. ಹಾಗಾಗಿ ಅಲ್ಲೂ ಊರು, ದೂರದ ಬೋರ್ಡುಗಳು ಮುಖ್ಯ ಪಥದಷ್ಟೇ ಚೆನ್ನಾಗಿ ಇರಬೇಕು. ಹಳೇ ರಸ್ತೆಯ ಹೋಟೆಲಿನವರೂ ನಿರ್ಗಮನದ ಬೋರ್ಡನ್ನೇ ನಂಬಿ ಕೂತಿದ್ದಾರೆ.

ಹೆಬ್ಬಾಳ ಫ್ಲೈಓವರ್ ಕಟ್ಟಿ ಮುಗಿಯೋದೇ ಇಲ್ವಾ?

2003ರಲ್ಲಿ ಅದು ತೆರೆದಾಗ ಬಳ್ಳಾರಿ ರಸ್ತೆ ಮತ್ತು ಹೊರವರ್ತುಲ ರಸ್ತೆ ಕೂಡುವ, ನಗರದ ಅಂಚಿನ ಜಾಗ. ಐದೇ ವರ್ಷಕ್ಕೆ ಉತ್ತರದಲ್ಲಿ ವಿಮಾನ ನಿಲ್ದಾಣ ಶುರುವಾಯಿತು. 2014ರ ಹೊತ್ತಿಗೆ ನಿಲ್ದಾಣದ ಕಡೆಯ ಎತ್ತರದ ರಸ್ತೆ ಬಂತು, ಅತ್ತ ಹೊರವರ್ತುಲದ ಉದ್ದಕ್ಕೂ ಕಚೇರಿಗಳು ಎದ್ದವು. ತೊಂದರೆ ಸೇತುವೆಯ ಉದ್ದದಲ್ಲಿಲ್ಲ, ಕೂಡುವ ಜಾಗದಲ್ಲಿದೆ: ಹಲವು ಕಡೆಯಿಂದ ಬಂದ ಪಥಗಳು ನಗರದ ಕಡೆಗೆ ಇಳಿಯುವಾಗ ಕೆಲವೇ ಪಥಗಳಾಗಿ ಕಿರಿದಾಗುತ್ತವೆ. ಆಲಿಕೆಯಲ್ಲಿ ಎಣ್ಣೆ ಹೊಯ್ದ ಹಾಗೆ, ಮೇಲೆ ಎಷ್ಟು ಅಗಲ ಮಾಡಿದರೂ ಕೆಳಗಿನ ಕಿಂಡಿಯಷ್ಟೇ ಇಳಿಯುವುದು. ಅದಕ್ಕೆಂದೇ ಕೆ.ಆರ್. ಪುರದ ಕಡೆಯಿಂದ ಮೇಖ್ರಿ ವೃತ್ತದ ಕಡೆಗೆ ಒಂದು ಹೊಸ ಲೂಪ್ ಕಟ್ಟಿ 2025ರ ಆಗಸ್ಟ್‌ನಲ್ಲಿ ತೆರೆದರು. ಪಕ್ಕದಲ್ಲೇ ಮೆಟ್ರೊ ಕೆಲಸವೂ ಇರುವುದರಿಂದ ಅಲ್ಲಿನ ಬೋರ್ಡುಗಳು ಇನ್ನೂ ಕೆಲವು ಸಲ ಜಾಗ ಬದಲಿಸುತ್ತವೆ.

ಕ್ಲೋವರ್ ಲೀಫ್, ಟ್ರಂಪೆಟ್ ಅಂದ್ರೆ ಏನು? ಎಲ್ಲ ಕಡೆ ಅದನ್ನೇ ಯಾಕೆ ಮಾಡಲ್ಲ?

ನಾಲ್ಕು ದಾರಿ ಕೂಡುವಲ್ಲಿ ನಾಲ್ಕು ಎಲೆಯಂತೆ ಸುತ್ತುವ ಇಳಿಜಾರುಗಳಿದ್ದರೆ ಕ್ಲೋವರ್ ಲೀಫ್. ನೈಸ್ ರಸ್ತೆಯಲ್ಲಿ ಸೋಂಪುರದ ಹತ್ತಿರ ನೋಡಬಹುದು. ಮೂರು ದಾರಿ ಕೂಡುವಲ್ಲಿ ಕಹಳೆಯ ಬಾಯಿಯಂತೆ ಬಾಗಿದ್ದರೆ ಟ್ರಂಪೆಟ್. ಬೆಂಗಳೂರು ವಿಮಾನ ನಿಲ್ದಾಣದ ತಿರುವಿನದು ಅಂಥದ್ದು. ಸಿಗ್ನಲ್ ಬೇಡ, ನಿಲ್ಲುವುದು ಬೇಡ. ಆದರೆ ಕ್ಲೋವರ್ ಲೀಫಿಗೆ ಭೂಮಿ ಎಕರೆಗಟ್ಟಲೆ ಬೇಕು. ಜೊತೆಗೆ ಒಂದು ಎಲೆಯಿಂದ ಹೊರಗೆ ಬರುವವನೂ ಮುಂದಿನ ಎಲೆಗೆ ಒಳಗೆ ಹೋಗುವವನೂ ಒಂದೇ ಸಣ್ಣ ತುಂಡಿನಲ್ಲಿ ಜಡೆ ಹೆಣೆದ ಹಾಗೆ ಅಡ್ಡಬೀಳುತ್ತಾರೆ. ವಾಹನ ಕಡಿಮೆಯಿದ್ದಾಗ ಚೆಂದ, ಹೆಚ್ಚಾದರೆ ಅಲ್ಲೇ ಗಂಟು.

ಪಂಪ್‌ವೆಲ್ ಫ್ಲೈಓವರ್ ಅಷ್ಟು ವರ್ಷ ತಗೊಂಡಾಗ ಜನ ದಾರಿ ಹೇಗೆ ಹುಡುಕ್ತಿದ್ರು?

ಮಂಗಳೂರಿನ ಆ ಕೆಲಸ 2010ರಲ್ಲಿ ಹಿಡಿದು 2020ರ ಜನವರಿ 31ಕ್ಕೆ ಸಂಚಾರಕ್ಕೆ ತೆರೆಯಿತು. ಶಾಲೆಗೆ ಸೇರಿದ ಮಗು ಎಸ್ಸೆಸ್ಸೆಲ್ಸಿಗೆ ಬರುವಷ್ಟು ಕಾಲ. ಅಷ್ಟು ದಿನ ಗುರುತಾಗಿದ್ದ ಮಹಾವೀರ ವೃತ್ತದ ದೊಡ್ಡ ಕಲಶವನ್ನೂ ನಡುವೆ ತೆಗೆಯಬೇಕಾಯಿತು. ಕೆಲಸ ನಡೆಯುವ ಜಾಗದ ತಾತ್ಕಾಲಿಕ ಬೋರ್ಡುಗಳನ್ನು ನಾವು ಕಸದಂತೆ ಕಾಣುತ್ತೇವೆ: ಡ್ರಮ್ಮಿಗೆ ಒರಗಿಸಿದ ತಗಡು, ಸೀಮೆಸುಣ್ಣದ ಬಾಣ. ಹತ್ತು ವರ್ಷ ನಡೆಯುವ ಕೆಲಸದಲ್ಲಿ ತಾತ್ಕಾಲಿಕ ಬೋರ್ಡೇ ಜನರ ಪಾಲಿನ ನಿಜವಾದ ಬೋರ್ಡು. ಅದಕ್ಕೂ ಅಷ್ಟೇ ಹೊಳಪು, ಅಷ್ಟೇ ಗಾತ್ರ ಬೇಕು.

ಪೀಣ್ಯ ಫ್ಲೈಓವರ್ ಬಾಯಲ್ಲಿ ಅಡ್ಡ ಕಬ್ಬಿಣ ಯಾಕೆ ಹಾಕಿದ್ರು?

ಒಳಗಿನ ಬಿಗಿತದ ಕೇಬಲ್‌ಗಳಲ್ಲಿ ದೋಷ ಕಂಡು 2021ರ ಡಿಸೆಂಬರಿನಲ್ಲಿ ಅದನ್ನು ಮುಚ್ಚಿದರು. 2022ರ ಫೆಬ್ರುವರಿಯಲ್ಲಿ ಲಘು ವಾಹನಗಳಿಗೆ ಬಿಟ್ಟರು, ಭಾರೀ ವಾಹನಗಳು ಮತ್ತೆ ಹತ್ತಿದ್ದು 2024ರಲ್ಲಿ. ನಡುವಿನ ಎರಡು ವರ್ಷ ಬಸ್ಸು, ಲಾರಿ ತಡೆಯಲು ಬೋರ್ಡು ಸಾಲದು, ಓದಿದರೂ ಹತ್ತುವವರಿರುತ್ತಾರೆ. ಎತ್ತರಕ್ಕೆ ಅಡ್ಡ ಕಟ್ಟಿದರೆ ಓದುಬಾರದವನಿಗೂ ತಿಳಿಯುತ್ತದೆ.

## ಸ್ವಲ್ಪ ಆಳಕ್ಕೆ

ಹೊಸ ಬೋರ್ಡು ರಾತ್ರಿ ಹೊಳೆಯುತ್ತೆ, ಹಳೇದು ಹೊಳೆಯಲ್ಲ. ಒಳಗೆ ಲೈಟ್ ಇದೆಯಾ?

ಇಲ್ಲ. ಹೊಳೆಯುವುದು ನಿಮ್ಮದೇ ಹೆಡ್‌ಲೈಟು. ಹಾಳೆಯೊಳಗೆ ಸಣ್ಣ ಗಾಜಿನ ಮಣಿಗಳೋ ಪ್ರಿಸಂಗಳೋ ಇರುತ್ತವೆ, ಅವು ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸಿ ಕಳಿಸುತ್ತವೆ. ಮಣಿಯದು ಅಗ್ಗ, ಹೊಳಪು ಕಡಿಮೆ. ಪ್ರಿಸಂನದು ದುಬಾರಿ, ಆದರೆ ಬಹಳ ದೂರದಿಂದ ಕಾಣುತ್ತದೆ. ಬಿಸಿಲು, ಧೂಳು, ಟಿಪ್ಪರ್ ಎರಚಿದ ಕೆಸರು ಎರಡನ್ನೂ ಮಂಕು ಮಾಡುತ್ತವೆ. ಎಷ್ಟೋ ಬೋರ್ಡುಗಳು ಸತ್ತಿರುವುದಿಲ್ಲ, ತೊಳೆಯದೆ ಬಿಟ್ಟಿರುತ್ತಾರೆ ಅಷ್ಟೆ. ಒದ್ದೆ ಬಟ್ಟೆಯಲ್ಲಿ ಒಂದು ಮೂಲೆ ಒರೆಸಿ ಟಾರ್ಚು ಬಿಟ್ಟು ನೋಡಿ, ಗೊತ್ತಾಗುತ್ತದೆ.

ಬೋರ್ಡಿನ ಕನ್ನಡ ಓದೋಕೆ ಯಾಕೆ ಅಷ್ಟು ಕಷ್ಟ? ಇಂಗ್ಲಿಷ್ ಮಾತ್ರ ದೂರದಿಂದ ಕಾಣುತ್ತೆ.

ಕನ್ನಡಕ್ಕೆ ಎತ್ತರ ಹೆಚ್ಚು ಬೇಕು. ಹುಬ್ಬಳ್ಳಿ ಎಂದು ಬರೆಯಿರಿ: ಸಾಲಿನ ಮೇಲೆ ಗುಡಿಸು, ಸಾಲಿನ ಕೆಳಗೆ ಎರಡು ಒತ್ತು. ಇಂಗ್ಲಿಷಿಗೆ ಅಳೆದ ಪಟ್ಟಿಯಲ್ಲೇ ಕನ್ನಡವನ್ನೂ ತುರುಕಿದರೆ ಒತ್ತು ಕತ್ತರಿಸಿ ಹೋಗಬಾರದೆಂದು ಇಡೀ ಅಕ್ಷರವನ್ನೇ ಕುಗ್ಗಿಸುತ್ತಾರೆ. ಒಂದೇ ಎತ್ತರ ಕೊಟ್ಟಿದ್ದೇವೆ ಎಂದು ಅಳತೆಪಟ್ಟಿ ಹೇಳುತ್ತದೆ, ಕಣ್ಣಿಗೆ ಮಾತ್ರ ಕನ್ನಡ ಸಣ್ಣದು. ಮೂಲಾಕ್ಷರವನ್ನು ಅಳತೆಗೆ ಹಿಡಿದು, ಒತ್ತಿಗೆ ಕೆಳಗೆ ಬೇರೆಯೇ ಜಾಗ ಬಿಡಬೇಕು.

ಎರಡನೆಯದು ಫಾಂಟು. ತಪ್ಪು ಫಾಂಟಿನಲ್ಲಿ ತೆಗೆದರೆ ಒತ್ತಕ್ಷರ ಕಳಚಿ ಪಕ್ಕಕ್ಕೆ ಬೀಳುತ್ತದೆ, ‘ಸುಳ್ಯ’ದ ಯಕಾರ ಎಲ್ಲೋ ಹೋಗುತ್ತದೆ. ಕನ್ನಡ ಬಲ್ಲ ಒಬ್ಬರು ಮುದ್ರಣಕ್ಕೆ ಹೋಗುವ ಮೊದಲು ಐದು ನಿಮಿಷ ನೋಡಿದ್ದರೆ ಸಾಕಿತ್ತು. ಗೆರೆ ದಪ್ಪವಾಗಿದ್ದು ಒಳಗಿನ ಸುಳಿಗಳು ತೆರೆದಿರಬೇಕು. ಇಲ್ಲವಾದರೆ ರಾತ್ರಿಯ ಹೊಳಪಿನಲ್ಲಿ ಬ, ಭ, ಚ ಮೂರೂ ಒಂದೇ ಬಿಳಿ ಮುದ್ದೆ.

ಒಂದೇ ಬೋರ್ಡಲ್ಲಿ ಹತ್ತು ಊರು ಬರೆದರೆ ಎಲ್ಲರಿಗೂ ಅನುಕೂಲ ಅಲ್ವಾ?

ಓದುವುದಕ್ಕೆ ಹೊತ್ತು ಬೇಕಲ್ಲ. 100ರ ವೇಗದಲ್ಲಿ ಐದು ಸೆಕೆಂಡ್ ಓದಿದರೆ 140 ಮೀಟರ್ ಹೋಗಿರುತ್ತೀರಿ, ಅಷ್ಟೂ ಹೊತ್ತು ಕಣ್ಣು ರಸ್ತೆಯ ಮೇಲೆ ಪೂರ್ತಿ ಇರುವುದಿಲ್ಲ. ಎರಡು ಲಿಪಿ ಇರುವ ನಮ್ಮ ಬೋರ್ಡಿನಲ್ಲಿ ಮೂರು ಊರು ಅಂದರೆ ಆರು ಸಾಲು. ಅದಕ್ಕಿಂತ ಹೆಚ್ಚಿದ್ದರೆ ಎರಡು ಬೋರ್ಡು ಮಾಡಿ ಅಂತರ ಬಿಟ್ಟು ಹಾಕುವುದೇ ಸರಿ.

ಫೋನೇ ದಾರಿ ಹೇಳುವಾಗ ಬೋರ್ಡು ಯಾಕೆ ಬೇಕು?

ಕೆಲವು ವರ್ಷಗಳ ಹಿಂದೆ ಹಾಸನದ ಕಡೆಯಿಂದ ರಾತ್ರಿ ಬರುತ್ತಿದ್ದೆ. ಒಂದು ಊರಿಗೆ ಬೈಪಾಸ್ ತೆರೆದು ಹೆಚ್ಚು ದಿನ ಆಗಿರಲಿಲ್ಲ. ಹಳೆಯ ಬೋರ್ಡಿನ ಬಾಣ ಊರೊಳಗಿನ ದಾರಿಯನ್ನೇ ತೋರಿಸುತ್ತಿತ್ತು, ಫೋನಿನ ನಕ್ಷೆಯೂ ಹಳೆಯದೇ. ಎರಡನ್ನೂ ನಂಬಿ ಹೋದೆ. ಅಗೆದು ಬಿಟ್ಟ ರಸ್ತೆಯ ಕೊನೆಯಲ್ಲಿ ಮಣ್ಣಿನ ದಿಬ್ಬ. ನನ್ನ ಹಿಂದೆಯೇ ಒಂದು ಆಂಬುಲೆನ್ಸ್ ಬಂದು ನಿಂತಿತು. ಚಾಲಕ ಬೇರೆ ಜಿಲ್ಲೆಯವನು, ಅವನೂ ಅದೇ ಬಾಣ ನೋಡಿ ತಿರುಗಿದ್ದ. ಇಬ್ಬರೂ ಸೇರಿ ಹಿಂದಕ್ಕೆ ತೆಗೆಯುವಷ್ಟರಲ್ಲಿ ಕೆಲವು ನಿಮಿಷ ಹೋದವು. ಒಳಗಿದ್ದವರಿಗೆ ಆ ನಿಮಿಷಗಳ ಬೆಲೆ ಏನಿತ್ತೋ ಎಂದು ಇಂದಿಗೂ ನೆನೆಯುತ್ತೇನೆ.

ಊರಿನವನಿಗೆ ಬೋರ್ಡು ಬೇಡ, ಅವನಿಗೆ ಮರವೇ ಗುರುತು. ಬೋರ್ಡು ಇರುವುದು ಮೊದಲ ಸಲ ಬಂದವನಿಗೆ, ಅದೂ ಕತ್ತಲೆಯಲ್ಲಿ, ಅವಸರದಲ್ಲಿ ಇರುವವನಿಗೆ. ಅದಕ್ಕೇ ಹೊಸ ದಾರಿ ತೆರೆಯುವ ದಿನವೇ ಹಳೆಯ ಬಾಣ ಇಳಿಯಬೇಕು ಎನ್ನುವುದು. ಸುಳ್ಳು ಬಾಣ ಇರುವುದಕ್ಕಿಂತ ಬರೀ ಕಂಬ ಇರುವುದು ಮೇಲು, ಆಗ ಬಂದವನು ಗಾಡಿ ನಿಲ್ಲಿಸಿ ಯಾರನ್ನಾದರೂ ಕೇಳುತ್ತಾನೆ.

ತಪ್ಪು ಬೋರ್ಡು ಕಂಡರೆ ಯಾರಿಗೆ ಹೇಳಬೇಕು? ಹೇಳಿದರೆ ಕೇಳ್ತಾರಾ?

ಮೊದಲು ರಸ್ತೆ ಯಾರದು ಎಂದು ನೋಡಿ. ಹತ್ತಿರದ ಕಲ್ಲಿನ ಬಣ್ಣ ಅದನ್ನು ಹೇಳುತ್ತದೆ. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ರಸ್ತೆಯಾದರೆ 1033ಕ್ಕೆ ಕರೆ ಮಾಡಿ, ಅಥವಾ ರಾಜಮಾರ್ಗಯಾತ್ರಾ ಆ್ಯಪಿನಲ್ಲಿ ಫೋಟೊ ಹಾಕಿ. ರಾಜ್ಯ ಹೆದ್ದಾರಿಯಾದರೆ ಲೋಕೋಪಯೋಗಿ ಇಲಾಖೆಯ ತಾಲ್ಲೂಕು ಕಚೇರಿಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಎರಡು ಫೋಟೊ ತೆಗೆಯಿರಿ: ಬೋರ್ಡಿನದೊಂದು, ಪಕ್ಕದ ಕಿಲೋಮೀಟರ್ ಕಲ್ಲಿನದೊಂದು. ‘ಬೋರ್ಡು ಸರಿಯಿಲ್ಲ’ ಎಂದು ಬರೆದರೆ ಕಡತ ಮಲಗುತ್ತದೆ. ‘ಇಂಥ ಕಿಲೋಮೀಟರಿನಲ್ಲಿ ಎಡಬಾಣ ಮುಚ್ಚಿದ ರಸ್ತೆಗೆ ತೋರಿಸುತ್ತಿದೆ, ಬಲಕ್ಕೆ ತಿರುಗಿಸಬೇಕು’ ಎಂದು ಬರೆದರೆ ಕೆಲಸಗಾರ ನೇರ ಅಲ್ಲಿಗೇ ಹೋಗಬಹುದು. ತಿಂಗಳಾದರೂ ಆಗದಿದ್ದರೆ ಅದೇ ಅರ್ಜಿಯ ಸಂಖ್ಯೆ ಹಾಕಿ ಮತ್ತೆ ಬರೆಯಿರಿ. ನಾನು ಬರೆದವುಗಳಲ್ಲಿ ಕೆಲವು ಮೂರನೆಯ ಪತ್ರಕ್ಕೆ ಸರಿಯಾಗಿವೆ.